ಪಕ್ಕದ ಜಮೀನಿನವರ ಆಕ್ಷೇಪಣೆ

ಜನವರಿ ೯

ಬೇಲಿಯಾಚೆಯ ತಮ್ಮನಿಗೆ ಬೇಲಿಯೀಚೆಯ ಅಕ್ಕನ ಆಶೀರ್ವಾದ.

ನೀನು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ನನ್ನ ಶೆಡ್ಡುಗಳನ್ನು ದಿಟ್ಟಿಸುತ್ತಿರುವುದು, ಇಲ್ಲಿ ಬರೆಯುತ್ತಾ ಕುಳಿತ ನನಗೆ ಚೆನ್ನಾಗಿ ಕಾಣಿಸುತ್ತಿದೆ. ಕೂಗಿದರೆ ಕೇಳುತ್ತದೆ, ಕೆಮ್ಮಿದರೂ ಕೇಳುತ್ತದೆ. ಆದರೂ ಈ ಪತ್ರ ಪೇಟೆಯ ಅಂಚೆ ಕಚೇರಿಗೆ ಹೋಗಿ, ಬೆನ್ನಿಗೆ ಮುದ್ರೆ ಗುದ್ದಿಸಿಕೊಂಡು, ನನ್ನ ಗೇಟಿನ ಮುಂದೆಯೇ ಹಾದು ನಿನ್ನ ಮನೆಗೆ ಬರುತ್ತದೆ. ನಾವಿಬ್ಬರೂ ಮಾತು ಬಿಟ್ಟಿದ್ದರಿಂದ ಅಂಚೆ ಇಲಾಖೆಯಾದರೂ ಉದ್ಧಾರವಾಗಲಿ.

ವಿಷಯಕ್ಕೆ ಬರುತ್ತೇನೆ. ಭೂಬಳಕೆ ಯೋಜನಾ ಕಚೇರಿಯಿಂದ ನನಗೊಂದು ನೋಟಿಸು ಬಂದಿದೆ. ಕೃಷಿ ಜಮೀನಿನಲ್ಲಿ ಕೊಠಡಿ ಕಟ್ಟಿ, ಜನರ ಸಾಮಾನು ಇಡಲು ಬಾಡಿಗೆಗೆ ಕೊಡುವವರಿಗೆ ಇಷ್ಟು ದಿನ ಯಾವ ನಿಯಮವೂ ಇರಲಿಲ್ಲ. ಈಗ ಬರುತ್ತಿದೆಯಂತೆ. ಹೊಸದಾಗಿ ಕಟ್ಟುವಂತಿಲ್ಲ; ಹಳೆಯ ಶೆಡ್ಡಿದ್ದರೆ ನಡೆಸಬಹುದು; ಆದರೆ ಪಕ್ಕದ ಜಮೀನಿನವರು ಸಕಾರಣವಾಗಿ ಆಕ್ಷೇಪಿಸಿದರೆ ಅದನ್ನೂ ಮುಚ್ಚಬೇಕು. ನನ್ನ ಜಮೀನಿನ ಒಂದು ಕಡೆ ರಸ್ತೆ, ಒಂದು ಕಡೆ ಕಾಲುವೆ, ಒಂದು ಕಡೆ ಬಂಡೆ. ಬಂಡೆ ಆಕ್ಷೇಪಿಸಿಲ್ಲ. ನಾಲ್ಕನೆಯ ಕಡೆ ನೀನಿದ್ದೀಯ.

ನೀನು ಬರೆದುಕೊಟ್ಟದ್ದರ ಪ್ರತಿಯನ್ನೂ ಕಳಿಸಿದ್ದಾರೆ. 'ಸದರಿ ಕೊಠಡಿಗಳು ಆರಂಭವಾದಂದಿನಿಂದ ಅಪರಿಚಿತರ ಓಡಾಟ ಹೆಚ್ಚಿ, ನನ್ನ ಮನೆಯ ವಸ್ತುಗಳು ಒಂದೊಂದಾಗಿ ಕಳುವಾಗುತ್ತಿವೆ.' ಏನಪ್ಪಾ ಇದು? ಕೋಳಿ ಸಾಕಿದ್ದಾಗ ವಾಸನೆ ಎಂದೆ. ಈಗ ಅಲ್ಲಿರುವುದು ಬೀಗಗಳು. ಬೀಗಕ್ಕೆ ವಾಸನೆಯಿಲ್ಲ, ಬೆಳಗಾಗುವ ಮೊದಲು ಕೂಗುವುದಿಲ್ಲ, ಹಾರಿ ಬಂದು ನಿನ್ನ ಹೂಗಿಡ ಕೆದಕುವುದಿಲ್ಲ. ಕೋಳಿಗಳು ಹೋದ ಮೇಲೆ ನನ್ನ ಒಲೆ ಉರಿಯುತ್ತಿರುವುದು ಆ ಶೆಡ್ಡುಗಳಿಂದ. ಅವು ಮುಚ್ಚಿದರೆ ನನಗೆ ಬೇರೆ ದಾರಿಯಿಲ್ಲ. ಇದು ನಿನಗೆ ಗೊತ್ತಿಲ್ಲದ ವಿಷಯವೇನಲ್ಲ.

ಫೆಬ್ರವರಿ ಕೊನೆಗೆ ವಿಚಾರಣೆ. ಅಷ್ಟರೊಳಗೆ ಆಕ್ಷೇಪಣೆ ವಾಪಸು ತೆಗೆದುಕೊ. ಕುರ್ಚಿಯನ್ನೂ ಸ್ವಲ್ಪ ಒಳಗೆ ತೆಗೆದುಕೊ, ಬಿಸಿಲು ಬೀಳುತ್ತಿದೆ.

ನಿನ್ನ ಅಕ್ಕ


ಜನವರಿ ೧೪

ಬಾಡಿಗೆ ಸಾಮಾನು ಕೊಠಡಿಗಳ ಮಾಲೀಕರಿಗೆ
(ಪ್ರತಿ: ಮಾನ್ಯ ಯೋಜನಾಧಿಕಾರಿಗಳಿಗೆ)

ತಮ್ಮ ಪತ್ರ ತಲುಪಿತು. ಇಲ್ಲಿ 'ತಮ್ಮ' ಎಂಬುದನ್ನು ಗೌರವಾರ್ಥದಲ್ಲಿ ಮಾತ್ರ ಓದಿಕೊಳ್ಳಬೇಕು, ಸಂಬಂಧಾರ್ಥದಲ್ಲಿ ಅಲ್ಲ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರನಾಗಿ ನಿವೃತ್ತನಾದವನು ನಾನು. ಏನು ಬರೆದರೂ ಅಳೆದೂ ತೂಗಿಯೇ ಬರೆಯುತ್ತೇನೆ. ಕೆಟ್ಟು ನಿಂತ ವಸ್ತುಗಳನ್ನು ಗುಜರಿಯಿಂದ ಬಿಡಿಸಿ ತಂದು ರಿಪೇರಿ ಮಾಡುವುದು ನಿವೃತ್ತಿಯ ನಂತರದ ನನ್ನ ಹವ್ಯಾಸ. ತರುವ ಕೆಲಸ ಇನ್ನೂ ಮುಗಿಯದ ಕಾರಣ ರಿಪೇರಿ ಶುರುವಾಗಿಲ್ಲ, ಅಷ್ಟೆ. ಇದನ್ನು ಹಿಡಿದುಕೊಂಡು ಯಾರೂ ಹಾಸ್ಯ ಮಾಡಬೇಕಾಗಿಲ್ಲ.

ಮೊದಲು ಮಾಯವಾದದ್ದು ತಿರುಗದ ಟೇಬಲ್ ಫ್ಯಾನು. ಆಮೇಲೆ ಲೋಲಕವಿಲ್ಲದ ಗೋಡೆ ಗಡಿಯಾರ. ಆಮೇಲೆ ಒಂಟಿ ತಟ್ಟೆಯ ತಕ್ಕಡಿ. ಹೊಲಿಗೆ ಯಂತ್ರವೊಂದರ ಮೇಲ್ಭಾಗ ಒಂದು ವಾರ ಹೋಯಿತು, ಕೆಳಭಾಗ ಮರುವಾರ. ಕಳ್ಳ ಎಷ್ಟು ಕ್ರಮಬದ್ಧನೆಂಬುದನ್ನು ಗಮನಿಸಬೇಕು. ಮನೆಯವಳನ್ನು ಕೇಳಿದರೆ, "ಅಯ್ಯೋ, ಇಲ್ಲೇ ಎಲ್ಲೋ ಇರುತ್ತೆ ನೋಡ್ರೀ" ಎನ್ನುತ್ತಾಳೆ. ಪಾಪ, ಮುಗ್ಧೆ. ಹೆದರಿಯಾಳೆಂದು ಕಳ್ಳನ ವಿಷಯ ಅವಳೆದುರು ಹೆಚ್ಚು ಎತ್ತುವುದಿಲ್ಲ.

ಈಗ ನನ್ನ ಪ್ರಶ್ನೆ. ನಿಮ್ಮ ಒಂಬತ್ತನೆಯ ಕೊಠಡಿಯ ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಲಾಗಿದೆ. ಯಾಕೆ? ಒಳಗೆ ಏನಿದೆ? ಯಾರದ್ದು? ಲಿಖಿತ ಉತ್ತರ ಬೇಕು. ಬಾಯಿಮಾತು ನಡೆಯುವುದಿಲ್ಲ, ನಮ್ಮಲ್ಲಿ ಅದು ಹೇಗೂ ನಡೆಯುತ್ತಿಲ್ಲ.

ಪಕ್ಕದ ಜಮೀನಿನವ


ಜನವರಿ ೧೮

ಪಕ್ಕದ ಜಮೀನಿನವನಿಗೆ,

ಗೌರವಾರ್ಥದ 'ತಮ್ಮ'ನನ್ನು ನೀನೇ ಇಟ್ಟುಕೊ. ಸಂಬಂಧಾರ್ಥದವನು ನನ್ನ ಪಾಲಿಗಿರಲಿ. ಅವನನ್ನು ರದ್ದು ಮಾಡುವ ಅಧಿಕಾರ ಯಾವ ಕಚೇರಿಗೂ ಇಲ್ಲ.

ಒಂಬತ್ತನೆಯ ಕೊಠಡಿಯಲ್ಲಿ ಏನಿದೆ, ಯಾರದ್ದು? ಹೇಳುವುದಿಲ್ಲ. ಎರಡನೆಯದರಲ್ಲಿ ಏನಿದೆಯೆಂದು ನೀನು ಕೇಳಿಲ್ಲ, ಕೇಳಿದರೂ ಹೇಳುವುದಿಲ್ಲ. ನಾಲ್ಕನೆಯದು ಖಾಲಿ ಇದೆ. ಛೆ, ಅದನ್ನೂ ಹೇಳಬಾರದಿತ್ತು.

ನಗುತ್ತಿದ್ದೀಯ, ಗೊತ್ತು. ಚಿಕ್ಕಂದಿನಿಂದ ನನ್ನ ಹೊಟ್ಟೆಯಲ್ಲಿ ಮಾತು ನಿಂತದ್ದಿಲ್ಲ. ದೊಡ್ಡಮ್ಮನ ಗುಟ್ಟು ಚಿಕ್ಕಮ್ಮನಿಗೆ, ಚಿಕ್ಕಮ್ಮನದು ದೊಡ್ಡಮ್ಮನಿಗೆ ದಾಟಿಸಿ, ಇಬ್ಬರ ಕೈಯಲ್ಲೂ ಕಿವಿ ಹಿಂಡಿಸಿಕೊಂಡವಳು ನಾನು. ನಿನ್ನ ಪರೀಕ್ಷೆಯ ಅಂಕ ಅಪ್ಪನಿಗೆ ಮೊದಲು ಗೊತ್ತಾಗುತ್ತಿದ್ದುದು ಶಾಲೆಯಿಂದಲ್ಲ, ನನ್ನಿಂದ. ಆದರೆ ಈ ಕಸುಬು ಬೇರೆ ಕಣೋ. ಜಾಗ ಯಾರ ಹತ್ತಿರ ಇಲ್ಲ? ಅಟ್ಟ ಇದೆ, ಮಂಚದ ಕೆಳಗಿದೆ. ಆದರೂ ಜನ ಪೇಟೆಯಿಂದ ಇಷ್ಟು ದೂರ ಯಾಕೆ ಬರುತ್ತಾರೆ? ಮನೆಯಲ್ಲಿ ಇಡಲಾಗದ್ದು, ಬಿಸಾಡಲೂ ಮನಸ್ಸು ಬಾರದ್ದು ಪ್ರತಿಯೊಬ್ಬರಿಗೂ ಏನಾದರೊಂದು ಇರುತ್ತದೆ. ಅದನ್ನು 'ಇದೇನು, ಯಾಕೆ' ಎಂದು ಕೇಳದ ಒಂದು ಬಾಗಿಲ ಒಳಗೆ ಇಡಬೇಕಾಗಿರುತ್ತದೆ. ಒಬ್ಬರು ಪ್ರತಿ ವಾರ ಬಂದು ಕೊಠಡಿಯೊಳಗೆ ಕುಳಿತು... ನೋಡು, ಜಾರುತ್ತಿದ್ದೆ. ಮಾತಾಡುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ಆ ಮಾತು ಮುರಿದ ದಿನ ನನ್ನ ಶೆಡ್ಡುಗಳನ್ನು ಯಾವ ಅಧಿಕಾರಿಯೂ ಮುಚ್ಚಬೇಕಾಗಿಲ್ಲ, ಅವೇ ಮುಚ್ಚಿಕೊಳ್ಳುತ್ತವೆ.

ಪೊಲೀಸರಿಗೆ ದೂರು ಕೊಡು. ನಿನ್ನ ತಿರುಗದ ಫ್ಯಾನನ್ನು ಹುಡುಕಿಕೊಂಡು ಅವರೂ ಸ್ವಲ್ಪ ತಿರುಗಲಿ.

ಅಕ್ಕ


ಜನವರಿ ೨೧

ಪೂಜ್ಯ ಅತ್ತಿಗೆಯವರಿಗೆ,

ಇವರು ಊಟ ಮುಗಿಸಿ ಮಲಗಿದ್ದಾರೆ. ಗೊರಕೆ ಕೇಳಿಸುತ್ತಿರುವವರೆಗೂ ಬರೆಯುತ್ತೇನೆ, ನಿಂತ ತಕ್ಷಣ ಮುಗಿಸುತ್ತೇನೆ. ವಾಕ್ಯ ಅರ್ಧವಾದರೆ ಕ್ಷಮಿಸಿ.

ನೀವು ಇವರಿಗೆ ಬರೆದ ಉತ್ತರವನ್ನು ಇವರೇ ನನಗೆ ಓದಿ ಹೇಳಿದರು. "ನೋಡ್ದೆಯಾ ಇವಳ ಸೊಕ್ಕು! ಹೇಳಲ್ವಂತೆ!" ಎಂದು ಕೂಗಾಡಿದರು. ನಾನು ಪಾತ್ರೆ ತೊಳೆಯುತ್ತಾ ನಿಂತಿದ್ದೆ. ತೊಳೆದದ್ದನ್ನೇ ಮೂರು ಸಲ ತೊಳೆದೆ. ಕಿಟಕಿಗೆ ಕಾಗದ ಅಂಟಿಸಿದವಳು ನಾನು, ಒಂಬತ್ತನೆಯ ಕೊಠಡಿಯ ಬಾಡಿಗೆ ಕಟ್ಟುವವಳು ನಾನು, ಒಳಗಿರುವುದು ಇವರ ಫ್ಯಾನು, ಇವರ ಗಡಿಯಾರ, ಇವರ ತಕ್ಕಡಿ ಎಂದು ನೀವು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಆಕ್ಷೇಪಣೆ ಅಲ್ಲೇ ಬಿದ್ದುಹೋಗುತ್ತಿತ್ತು. ನೀವು ಬರೆಯಲಿಲ್ಲ.

ನಾನೇನು ಸುಮ್ಮಸುಮ್ಮನೆ ಸಾಗಿಸಿದೆನೇ ಅತ್ತಿಗೆ? ನಮ್ಮ ಮಲಗುವ ಕೋಣೆಯಲ್ಲಿ ಮೂಟೆ ತೂಗುವ ಯಂತ್ರ ಇದೆ. ಮಂಚಕ್ಕೆ ಹೋಗಬೇಕಾದರೆ ಅದರ ಮೇಲೆ ಹತ್ತಿ ಇಳಿಯಬೇಕು. ದಿನಾ ಮಲಗುವ ಮುನ್ನ ನನ್ನ ತೂಕ ನನಗೆ ಗೊತ್ತಾಗುತ್ತದೆ. ಮನೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳಿವೆ, ಹೊಲಿಯುವುದು ಒಂದೂ ಇಲ್ಲ. ಹೊಲಿಗೆ ಕಲಿಸಲು ನಾನು ಪಕ್ಕದೂರಿನ ಶಾಲೆಗೆ ನಡೆದು ಹೋಗುತ್ತೇನೆ. ಒಂದನ್ನಾದರೂ ಮಾರೋಣವೆಂದರೆ, "ರಿಪೇರಿ ಆದ್ಮೇಲೆ ನೋಡು, ಹೊಸದನ್ನ ಮೀರಿಸುತ್ತೆ" ಎನ್ನುತ್ತಾರೆ. ಬಿಸಾಡಲು ನನಗೂ ಕೈ ಬರುವುದಿಲ್ಲ. ಒಂದೊಂದನ್ನು ತರುವಾಗಲೂ ಇವರ ಮುಖ ನೋಡಬೇಕು ನೀವು. ಅದಕ್ಕೇ ಇವರು ಮಲಗಿದಾಗ ಕೈಗಾಡಿಯಲ್ಲಿ ಹಾಕಿಕೊಂಡು ಕಾಲುವೆಯ ದಂಡೆಯ ಮೇಲಿಂದ ನಿಮ್ಮಲ್ಲಿಗೆ ಸಾಗಿಸಿದೆ.

ಈಗ ನಿಮ್ಮ ಶೆಡ್ಡು ಮುಚ್ಚಿದರೆ ಅದೆಲ್ಲ ವಾಪಸು ಮನೆಗೆ. ನನ್ನ ಕಷ್ಟ ಬಿಡಿ, ನಿಮ್ಮ ಗತಿ? ನನ್ನಿಂದ ನಿಮ್ಮ ಬದುಕು ಮುಚ್ಚಬಾರದು. ಒಂದು ಉಪಾಯ ಮಾಡಿದ್ದೇನೆ. ಒಂದೊಂದೇ ವಸ್ತುವನ್ನು ವಾಪಸು ತಂದು ಮೊದಲಿದ್ದಲ್ಲೇ ಇಟ್ಟುಬಿಡುತ್ತೇನೆ. ಏನೂ ಕಳುವಾಗಿಲ್ಲ, ತಾವೇ ಗಮನಿಸಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಇನ್ನೊಂದು ಮಾತು. ನಿಮ್ಮ ಕೋಳಿಗಳೆಲ್ಲ ರೋಗ ಬಂದು ಸತ್ತ ದಿನ ಇವರು ಬೇಲಿಯ ಹತ್ತಿರ ನಿಂತು "ಸದ್ಯ, ಇನ್ನು ಗಾಳಿ ಶುದ್ಧ" ಎಂದದ್ದು ನೀವು ಮರೆತಿಲ್ಲ, ನಾನೂ ಮರೆತಿಲ್ಲ. ಅವತ್ತು ಒಳಗೆ ಬಂದವರು ಊಟ ಬೇಡವೆಂದರು. ಮರುದಿನವೂ ಬೇಡವೆಂದರು. ಯಾಕೆಂದು ನಾನು ಕೇಳಲಿಲ್ಲ, ಇವರು ಹೇಳಲಿ

(ಎದ್ದರು)


ಜನವರಿ ೨೫

ತಮ್ಮನ ಹೆಂಡತಿಗೆ, ಅಂದರೆ ತಮ್ಮನಿಗಿಂತ ಜಾಣೆಗೆ,

ಪತ್ರ ಓದಿ ಹರಿದು ಹಾಕಿದೆ. ಹರಿಯುವ ಮುನ್ನ ಕೊನೆಯ ಸಾಲುಗಳನ್ನು ಮತ್ತೊಮ್ಮೆ ಓದಿದೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ನಿನ್ನ ಗುಟ್ಟು ನನ್ನ ಹತ್ತಿರ ಭದ್ರ. ಉಪಾಯ ಮಾತ್ರ ನನಗೆ ಅಷ್ಟು ಭದ್ರವಾಗಿ ಕಾಣುತ್ತಿಲ್ಲ. ನಿನಗೆ ಗೊತ್ತಿರುವುದು ನಿನ್ನ ಗಂಡ, ನನಗೆ ಗೊತ್ತಿರುವುದು ನನ್ನ ತಮ್ಮ. ಆ ಎರಡನೆಯವನು ಸುಮ್ಮನಾಗುವ ಜಾತಿಯಲ್ಲ. ಆದರೂ ನಿನ್ನಿಷ್ಟ.

ಒಂದು ಎಚ್ಚರಿಕೆ. ಒಂಬತ್ತನೆಯದು ದೊಡ್ಡ ಕೊಠಡಿಯಾದ್ದರಿಂದ ನಡುವೆ ಹಳೆಯ ಕೋಳಿ ಜಾಲರಿ ಹಾಕಿ ಎರಡು ಮಾಡಿದ್ದೇನಲ್ಲ, ಅದರ ಎಡಗಡೆ ಮಾತ್ರ ನಿನ್ನದು. ಬಲಗಡೆಯದು ಬೇರೆಯವರದ್ದು. ಯಾರದ್ದೆಂದು ಕೇಳಬೇಡ. ಜಾಲರಿಯ ಕೆಳಗೆ ಕೋಳಿಗಳು ಕೆದಕಿದ ಸಂದಿಯಿದೆ, ಸಾಮಾನು ಆ ಕಡೆ ಈ ಕಡೆ ಜಾರುತ್ತದೆ. ಕಿಟಕಿಗೆ ನೀನೇ ಕಾಗದ ಬಡಿದು ಒಳಗೆ ಕತ್ತಲು ಮಾಡಿಟ್ಟಿದ್ದೀಯ. ಕಣ್ಣಿಟ್ಟು ನೋಡಿ ಎತ್ತಿಕೊ, ಸಿಕ್ಕಿದ್ದನ್ನಲ್ಲ.

ನಿನ್ನ ಅತ್ತಿಗೆ


ಫೆಬ್ರವರಿ ೫

ಮಾನ್ಯ ಯೋಜನಾಧಿಕಾರಿಗಳಿಗೆ
(ಪ್ರತಿ: ಸಾಮಾನು ಕೊಠಡಿಗಳ ಮಾಲೀಕರಿಗೆ)

ವಿಷಯ: ನನ್ನ ಆಕ್ಷೇಪಣೆಗೆ ಸಿಕ್ಕಿರುವ ಅಭೂತಪೂರ್ವ ಯಶಸ್ಸು.

ನಾನು ಆಕ್ಷೇಪಣೆ ಸಲ್ಲಿಸಿದ ಕೆಲವೇ ವಾರಗಳಲ್ಲಿ, ಕಳುವಾಗಿದ್ದ ವಸ್ತುಗಳು ತಾವಾಗಿಯೇ ಮರಳಿ ಬರಲಾರಂಭಿಸಿವೆ ಎಂದು ತಿಳಿಸಲು ಸಂತೋಷಪಡುತ್ತೇನೆ. ಮೊದಲು ಗಡಿಯಾರ ಬಂತು. ಅದೇ ಮೊಳೆಯ ಮೇಲೆ, ಧೂಳು ಒರೆಸಿದ ಸ್ಥಿತಿಯಲ್ಲಿ. ಮರುದಿನ ಫ್ಯಾನು. ಮನೆಯವಳನ್ನು ಕರೆದು ತೋರಿಸಿದೆ.

"ಇದು ಯಾವಾಗ ಬಂತು?"

"ಇಲ್ಲೇ ಇತ್ತಲ್ರೀ."

"ಇಲ್ಲೇ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ?"

"ನಿಮ್ಮ ಕಣ್ಣು ಯಾವಾಗ್ಲೂ ಆ ಶೆಡ್ಡಿನ ಮೇಲೇ ಇರುತ್ತಲ್ಲ."

ಮುಗ್ಧೆ ಎಂದು ಹಿಂದೆಯೇ ಬರೆದಿದ್ದೇನೆ. ಇದರಿಂದ ಸಿದ್ಧವಾಗುವುದೇನೆಂದರೆ, ಕಳ್ಳನಿಗೆ ಆಕ್ಷೇಪಣೆಯ ಬಿಸಿ ತಟ್ಟಿದೆ. ಆಕ್ಷೇಪಣೆ ಇರುವುದು ಸದರಿ ಕೊಠಡಿಗಳ ವಿರುದ್ಧ. ಆದ್ದರಿಂದ ಕಳ್ಳ ಸದರಿ ಕೊಠಡಿಗಳವನೇ. ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುವ ಮಾತಂತಿರಲಿ, ಇನ್ನಷ್ಟು ಬಿಗಿಗೊಳಿಸಲು ಕೋರುತ್ತೇನೆ.

ಮಂಗಳವಾರ ಒಂದು ಹಿತ್ತಾಳೆಯ ತುತ್ತೂರಿಯೂ ಬಂದಿದೆ. ಇದು ಯಾವಾಗ ಕಳುವಾಗಿತ್ತೆಂದು ನನಗೆ ನೆನಪೇ ಇಲ್ಲ. ನೆನಪಿಲ್ಲದ ವಸ್ತುವೇ ಕಳುವಾಗಿತ್ತೆಂದರೆ ಒಟ್ಟು ಎಷ್ಟು ಹೋಗಿರಬೇಕೆಂದು ತಾವೇ ಊಹಿಸಿ. ಇದರ ಒಂದು ಗುಂಡಿ ಅಂಟಿಕೊಂಡಿತ್ತು, ಬಿಚ್ಚಿ ಸರಿಪಡಿಸಿದ್ದೇನೆ. ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುತ್ತೇನೆ. ಅಲ್ಲಿಯವರೆಗೆ ಬೆಳಿಗ್ಗೆ ಸ್ವಲ್ಪ ಅಭ್ಯಾಸವನ್ನೂ ಇಟ್ಟುಕೊಂಡಿದ್ದೇನೆ.

ಆಕ್ಷೇಪಣೆದಾರ


ಫೆಬ್ರವರಿ ೮

ಜಾಣೆಗೆ,

ಆ ಬಿರುದು ವಾಪಸು ಕೊಡು.

ನಿನ್ನೆ ಬ್ಯಾಂಡ್ ಮಾಸ್ತರು ನನ್ನ ಗೇಟಿಗೆ ಬಂದಿದ್ದರು. ಜಾಲರಿಯ ಬಲಗಡೆ ಬಾಡಿಗೆಗಿರುವವರು ಅವರೇ ಎಂದು ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಅದನ್ನು ಅವರೇ ಗೇಟಿನಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದರು. "ಅಮ್ಮಾ, ನಿಮ್ಮನ್ನ ನಂಬಿ ಇಟ್ಟಿದ್ದೆ. ನನ್ನ ಗುರುಗಳು ಕೊಟ್ಟ ತುತ್ತೂರಿ. ಬೀಗ ಹಾಗೇ ಇದೆ, ತುತ್ತೂರಿ ಇಲ್ಲ. ಎಲ್ಲಿ ಹೋಯ್ತು?" ಅವರು ಹೀಗೆ ಕೇಳುತ್ತಿರುವಾಗಲೇ ಬೇಲಿಯಾಚೆ ನಿನ್ನ ಗಂಡನ ಅಭ್ಯಾಸ ನಡೆದಿತ್ತು. ಮಾಸ್ತರು ಕಿವಿ ನೆಟ್ಟಗೆ ಮಾಡಿ, "ಯಾರದ್ದೋ ಎಮ್ಮೆಗೆ ಹುಷಾರಿಲ್ಲ ಅಂತ ಕಾಣುತ್ತೆ, ಪಾಪ" ಎಂದರು. ತಮ್ಮ ತುತ್ತೂರಿಯ ದನಿಯನ್ನೇ ಗುರುತಿಸಲಾರದ ಹಾಗೆ ಊದುವುದೂ ಒಂದು ವಿದ್ಯೆಯೇ.

ತಮ್ಮ ತುತ್ತೂರಿ ತಾವೇ ಊದಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಬ್ಬರದನ್ನು ಊದುವವನು ನಮ್ಮ ವಂಶದಲ್ಲೇ ಹುಟ್ಟಬೇಕಿತ್ತೆ?

ತಮಾಷೆ ಇಲ್ಲಿಗೆ ಸಾಕು. ಇಷ್ಟು ದಿನ ನನ್ನ ಕೊಠಡಿಗಳಿಂದ ಒಂದು ಗುಂಡುಸೂಜಿಯೂ ಹೋಗಿರಲಿಲ್ಲ. ಈಗ ನಿಜವಾಗಿಯೂ ಒಂದು ಕಳುವಾಗಿದೆ, ಅದೂ ವಿಚಾರಣೆಯ ಮುಂಚೆ. 'ಹುಡುಕಿ ಕೊಡುತ್ತೇನೆ, ವಿಚಾರಣೆಯವರೆಗೆ ಸಮಯ ಕೊಡಿ' ಎಂದೆ. ಮಾಸ್ತರು ಒಪ್ಪಿದರು, ಆದರೆ ವಿಚಾರಣೆಗೆ ತಾವೂ ಬರುತ್ತಾರಂತೆ. ಆ ತುತ್ತೂರಿಯನ್ನು ಹೇಗಾದರೂ ತಂದು ಜಾಲರಿಯ ಬಲಗಡೆ ಇಡು.

ಅತ್ತಿಗೆ


ಫೆಬ್ರವರಿ ೧೨

ಅತ್ತಿಗೆ,

ಆಗುತ್ತಿಲ್ಲ. ಮಲಗುವಾಗಲೂ ತಲೆದಿಂಬಿನ ಪಕ್ಕ ಇಟ್ಟುಕೊಂಡು ಅದರ ಮೇಲೆ ಕೈ ಹಾಕಿರುತ್ತಾರೆ. ಮೆಲ್ಲಗೆ ಎಳೆದೆ. ಗೊರಕೆ ನಿಂತಿತು. ಬಿಟ್ಟೆ. ಗೊರಕೆ ಶುರುವಾಯಿತು. ಮತ್ತೆ ಎಳೆದೆ, ಮತ್ತೆ ನಿಂತಿತು. ಗೊರಕೆಗೂ ತುತ್ತೂರಿಗೂ ಒಂದೇ ಗುಂಡಿ ಇದ್ದ ಹಾಗಿದೆ.

ಒಂದು ವಿಚಿತ್ರ ಕೇಳಿ. ಮದುವೆಯಾದಾಗಿನಿಂದ ಇವರು ಏನನ್ನಾದರೂ ರಿಪೇರಿ ಮಾಡಿ ಮುಗಿಸಿದ್ದನ್ನು ನಾನು ಇದೇ ಮೊದಲು ನೋಡಿದ್ದು. ಆ ಗುಂಡಿಯನ್ನು ಬಿಚ್ಚಿ, ಎಣ್ಣೆ ಹಾಕಿ, ಬೆಳಕಿಗೆ ಹಿಡಿದು ಒತ್ತಿ ಒತ್ತಿ ನೋಡಿ, "ಓಡುತ್ತೆ ಕಣೇ!" ಎಂದು ಅಡುಗೆಮನೆಗೆ ಓಡಿ ಬಂದರು. ಅದು ಬೇರೆಯವರದ್ದು ಎಂದು ಆ ಮುಖಕ್ಕೆ ಹೇಗೆ ಹೇಳಲಿ?

ಹೇಳಿಬಿಡಲೇ? ಸಾಮಾನು ಸಾಗಿಸಿದ್ದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ. ನನ್ನ ಭಯ ಅದಲ್ಲ. "ನನ್ನ ಕಡೆ ನೀನೊಬ್ಬಳಾದ್ರೂ ಇದ್ದೀಯಲ್ಲ" ಎನ್ನುತ್ತಾರೆ ದಿನಾ, ಜಗುಲಿಯಲ್ಲಿ ಚಹಾ ಕುಡಿಯುತ್ತಾ. ಹೇಳಿದ ಮೇಲೆ ಆ ಮಾತು ಹೇಳುವುದಿಲ್ಲ.

ನೀವು ಏನು ಹೇಳಿದರೆ ಹಾಗೆ.

ನಿಮ್ಮ ಒಂಬತ್ತನೆಯ ಕೊಠಡಿ, ಎಡಗಡೆ


ಫೆಬ್ರವರಿ ೧೬

ಎಡಗಡೆಗೆ,

ನೀನು ಕೇಳಿದ್ದಕ್ಕೆ ಉತ್ತರ: ನಾನೇನೂ ಹೇಳುವುದಿಲ್ಲ. ಹೇಳು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ನೀನು ಸಾಮಾನು ಇಟ್ಟಿರುವುದು ನನ್ನಲ್ಲಿ; ಬೀಗದ ಕೈ ನಿನ್ನಲ್ಲಿದೆ.

ಅಧಿಕಾರಿಗಳು ನನ್ನನ್ನು ಕೇಳಿದರೆ ನನ್ನ ಉತ್ತರವೂ ಇದೇ. ನನಗೋಸ್ಕರ ನೀನು ಹೆದರಬೇಡ. ಶೆಡ್ಡು ಹೋದರೆ ಹೋಯಿತು. ಕೋಳಿ ಹೋದಾಗಲೂ ಲೋಕ ಮುಳುಗಲಿಲ್ಲ, ನಾನು ಮಾತ್ರ ಸ್ವಲ್ಪ ಮುಳುಗಿ ಎದ್ದೆ.

ಅತ್ತಿಗೆ


ಮಾರ್ಚ್ ೩

ಭೂಬಳಕೆ ಯೋಜನಾ ಕಚೇರಿಯಿಂದ
ಸಾಮಾನು ಕೊಠಡಿಗಳ ಮಾಲೀಕರಿಗೆ ಹಾಗೂ ಪಕ್ಕದ ಜಮೀನಿನವರಿಗೆ

ಫೆಬ್ರವರಿ ೨೭ರಂದು ನಡೆದ ವಿಚಾರಣೆಯ ನಡವಳಿಯನ್ನು ಈ ಮೂಲಕ ಕಳಿಸಲಾಗಿದೆ. ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ಮಾನ್ಯ ಯೋಜನಾಧಿಕಾರಿಗಳು ಸೂಚಿಸಿದ್ದರಿಂದ ಹಾಗೆಯೇ ಬರೆಯಲಾಗಿದೆ. ಭಾಷೆಗೆ ಕೆಳಗೆ ಸಹಿ ಮಾಡಿರುವ ಗುಮಾಸ್ತನು ಹೊಣೆಯಲ್ಲ.

ಆಕ್ಷೇಪಣೆದಾರರು ಕಳುವಾಗಿ ಮರಳಿ ಬಂದ ವಸ್ತುವೆಂದು ಒಂದು ತುತ್ತೂರಿಯನ್ನು ಮೇಜಿನ ಮೇಲಿಟ್ಟರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಬ್ಯಾಂಡ್ ಮಾಸ್ತರು ಎದ್ದು, "ಸ್ವಾಮಿ, ಅದು ನಂದು" ಎಂದರು. "ನಿನ್ನದು ಅನ್ನೋಕೆ ಗುರುತೇನು?" ಎಂದು ಆಕ್ಷೇಪಣೆದಾರರು ಕೇಳಿದರು. ಮಾಸ್ತರು ಮುಂದೆ ಬಂದು, ತುತ್ತೂರಿ ಎತ್ತಿ, ಒಂದು ರಾಗ ಊದಿದರು. ಸಭೆ ಚಪ್ಪಾಳೆ ತಟ್ಟಿತು. ಆಕ್ಷೇಪಣೆದಾರರೂ ಅರ್ಧ ತಟ್ಟಿ ನಿಲ್ಲಿಸಿದರು.

ಮಾಸ್ತರು: "ಇದರ ಗುಂಡಿ ಅಂಟಿಕೊಂಡಿತ್ತು. ಯಾರು ಸರಿ ಮಾಡಿದ್ದು?"

ಆಕ್ಷೇಪಣೆದಾರರು: "ನಾನು."

ಮಾಸ್ತರು: "ಪೇಟೆಯಲ್ಲಿ ಆಗಲ್ಲ ಅಂದಿದ್ರು. ಕೈ ಚೆನ್ನಾಗಿದೆ. ಆದ್ರೆ ಕಳ್ಳತನ ಯಾಕೆ ಮಾಡಿದ್ರಿ?"

ಯೋಜನಾಧಿಕಾರಿಗಳು ಮೇಜು ತಟ್ಟಿದರು. ತುತ್ತೂರಿ ಒಂಬತ್ತನೆಯ ಕೊಠಡಿಯಲ್ಲಿತ್ತೆಂದು ಮಾಸ್ತರು ಹೇಳಿದ ಮೇಲೆ, ಆ ಕೊಠಡಿಗೆ ಇನ್ನಾರು ಹೋಗಿಬರುತ್ತಾರೆಂದು ಅಧಿಕಾರಿಗಳು ಮಾಲೀಕರನ್ನು ಪ್ರಶ್ನಿಸಿದರು.

ಮಾಲೀಕರು: "ಹೇಳಲ್ಲ."

ಅಧಿಕಾರಿಗಳು: "ಹೇಳದಿದ್ರೆ ಆಕ್ಷೇಪಣೆ ನಿಜ ಅಂತಾಗುತ್ತೆ. ಶೆಡ್ಡು ಮುಚ್ಚಬೇಕಾಗುತ್ತಮ್ಮ."

ಮಾಲೀಕರು: "ಮುಚ್ಚಿ."

ಅಧಿಕಾರಿಗಳು: "ಜೀವನಕ್ಕೆ ಏನು ಮಾಡ್ತೀರಿ?"

ಮಾಲೀಕರು: "ಅದನ್ನೂ ಹೇಳಲ್ಲ. ಗೊತ್ತಿದ್ರೆ ತಾನೇ ಹೇಳೋದು."

ಅಧಿಕಾರಿಗಳು ಲೇಖನಿ ಎತ್ತಿಕೊಂಡರು. ಆಗ ಆಕ್ಷೇಪಣೆದಾರರ ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿ ಎದ್ದು ನಿಂತರು.

"ಅವರನ್ನ ಯಾಕೆ ಹಿಂಡ್ತೀರಿ ಸ್ವಾಮಿ? ಕೊಠಡಿ ನಂದು. ಮನೆಯಿಂದ ಸಾಗಿಸಿದವಳು ನಾನು. ವಾಪಸು ತರುವಾಗ ಕತ್ತಲಲ್ಲಿ ಈ ಮಾಸ್ತರರ ತುತ್ತೂರಿ ಬಂದುಬಿಡ್ತು."

ಆಕ್ಷೇಪಣೆದಾರರು: "ನೀನಾ?"

ಪತ್ನಿ: "ನಾನೇ ರೀ."

"ಫ್ಯಾನು?"

"ನಾನೇ."

"ತಕ್ಕಡಿ?"

"ನಾನೇ."

"ಹೊಲಿಗೆ ಯಂತ್ರ?"

"ಮೇಲಿಂದೂ ನಾನೇ, ಕೆಳಗಿಂದೂ ನಾನೇ. ಒಟ್ಟಿಗೆ ಎತ್ತೋಕಾಗಲಿಲ್ಲ."

ಸಭೆಯಲ್ಲಿ ನಗೆ. ಆಕ್ಷೇಪಣೆದಾರರು ಕುಳಿತರು. ನೀರು ಕೇಳಿದರು, ಕೊಡಲಾಯಿತು, ಕುಡಿಯಲಿಲ್ಲ. ಆಮೇಲೆ ಮಾಲೀಕರ ಕಡೆ ತಿರುಗಿ, "ನಿನಗೆ ಮೊದಲೇ ಗೊತ್ತಿತ್ತಾ?" ಎಂದರು. ಮಾಲೀಕರು "ಹೇಳಲ್ಲ" ಎಂದರು. ಮತ್ತೆ ನಗೆ. ಆಕ್ಷೇಪಣೆದಾರರು ಮಾತ್ರ ನಗಲಿಲ್ಲ.

ಆಕ್ಷೇಪಣೆ ಮುಂದುವರಿಸುವಿರಾ ಎಂದು ಅಧಿಕಾರಿಗಳು ಕೇಳಲಾಗಿ, ಅವರು ಹೀಗೆಂದರು: "ಮನೆ ಸಾಮಾನು ಮನೆಯವಳು ತಗೊಂಡ್ರೆ ಅದು ಕಳುವಲ್ಲ. ಆಕ್ಷೇಪಣೆ ಇಲ್ಲ. ಈ ಶೆಡ್ಡಿನವಳು ಒಂದು ಮಾತು ಹೇಳಿದ್ದಿದ್ರೆ ನಾನು ಜನವರಿಯಲ್ಲೇ ಸೋಲ್ತಿದ್ದೆ. ಬಾಯಿ ಬಿಡಲಿಲ್ಲ. ನಮ್ಮಕ್ಕ! ಬಾಯಿ ಬಿಡಲಿಲ್ಲ! ಇದನ್ನೂ ಬರ್ಕೊಳ್ಳಿ." ಬರೆದುಕೊಳ್ಳಲಾಗಿದೆ.

ಆದೇಶ: ಹೊಸ ನಿಯಮದಡಿ ಸದರಿ ಶೆಡ್ಡುಗಳಲ್ಲಿ ಸಾಮಾನು ಕೊಠಡಿ ನಡೆಸಲು ಅನುಮತಿ ನೀಡಲಾಗಿದೆ. ಷರತ್ತು ಒಂದೇ. ಮಾಲೀಕರು ಊರಲ್ಲಿಲ್ಲದಾಗ ನೋಡಿಕೊಳ್ಳಲು ಗೇಟಿನ ಇನ್ನೊಂದು ಬೀಗದ ಕೈ ಪಕ್ಕದ ಜಮೀನಿನವರ ಬಳಿ ಇರತಕ್ಕದ್ದು. ಸದರಿ ಶೆಡ್ಡುಗಳನ್ನು ಇಷ್ಟು ಎಡೆಬಿಡದೆ ನೋಡುತ್ತಿರುವವರು ಈ ವಲಯದಲ್ಲಿ ಮತ್ತೊಬ್ಬರಿಲ್ಲವೆಂದು ಕಡತದಿಂದ ಸ್ಪಷ್ಟವಾಗಿದೆ. ಅಲ್ಲಿ ಕಂಡದ್ದನ್ನು ಎಲ್ಲೂ ಹೇಳಬಾರದೆಂಬ ಕಟ್ಟಳೆ ಅವರಿಗೂ ಅನ್ವಯಿಸುತ್ತದೆ.

ಕಚೇರಿ ಗುಮಾಸ್ತ


ಮಾರ್ಚ್ ೧೧

ಅತ್ತಿಗೆ,

ವಿಚಾರಣೆಯಿಂದ ಬಂದವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಜಗುಲಿಗೂ ಹೋಗಲಿಲ್ಲ. ಮೂರನೆಯ ದಿನ ಗಡಿಯಾರದ ಮುಂದೆ ನಿಂತು, "ಇದರ ಧೂಳು ಒರೆಸಿದ್ದು ನೀನಾ?" ಎಂದರು. ಹೌದೆಂದೆ. "ಕಳ್ಳ ಧೂಳು ಒರೆಸ್ತಾನಾ? ನನಗೆ ಆಗಲೇ ಹೊಳೆಯಬೇಕಿತ್ತು" ಎಂದು ತಮಗೆ ತಾವೇ ಬೈದುಕೊಂಡರು. ಆಮೇಲೆ ಮೂಟೆ ತೂಗುವ ಯಂತ್ರವನ್ನು ತಾವೇ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕೊ, ಎಡಗಡೆಗೆ ತಾನೆ?" ಎಂದರು. ಹಾಡಹಗಲಲ್ಲಿ, ರಸ್ತೆಯ ಮೇಲೆ, ಎಲ್ಲರೆದುರು ಸಾಗಿಸಿದೆವು.

ಈಗ ಮಂಚಕ್ಕೆ ನೆಲದ ಮೇಲೆ ನಡೆದು ಹೋಗುತ್ತೇನೆ. ನನ್ನ ತೂಕ ಎಷ್ಟೆಂದು ಗೊತ್ತಾಗದೆ ಹಾಯಾಗಿದೆ. ಬ್ಯಾಂಡ್ ಮಾಸ್ತರು ಇನ್ನೆರಡು ಕೆಟ್ಟ ವಾದ್ಯ ಕಳಿಸಿದ್ದಾರೆ. ಇವರು ಒಂದನ್ನು ಬಿಚ್ಚಿ ಕುಳಿತಿದ್ದಾರೆ.

"ನನ್ನ ಕಡೆ ನೀನೊಬ್ಬಳಾದ್ರೂ" ಎಂಬ ಮಾತನ್ನು ಮಾತ್ರ ಇನ್ನೂ ಹೇಳಿಲ್ಲ. ಚಹಾ ಕೊಡುವಾಗ ಕಾಯುತ್ತೇನೆ. ನಿನ್ನೆ ಅರ್ಧ ಹೇಳಿ, ನನ್ನ ಮುಖ ನೋಡಿ, ನಕ್ಕುಬಿಟ್ಟರು.

ನೀವು ಕಳಿಸಿದ ಗೇಟಿನ ಬೀಗದ ಕೈ ನೋಂದಾಯಿತ ಅಂಚೆಯಲ್ಲಿ ಬಂದು ಸೇರಿತು. ಸಹಿ ಹಾಕಿ ತೆಗೆದುಕೊಂಡರು. ಬೇಲಿಯ ಮೇಲಿಂದ ಎಸೆದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಬೇಕೆಂದಿದ್ದೆ, ಇಬ್ಬರಲ್ಲಿ ಯಾರನ್ನು ಕೇಳುವುದೆಂದು ತಿಳಿಯದೆ ಸುಮ್ಮನಾದೆ.

ಎಡಗಡೆ


ಏಪ್ರಿಲ್ ೪

ಅಕ್ಕಾ,

ಮೊನ್ನೆ ನೀನು ಪೇಟೆಗೆ ಹೋಗಿದ್ದಾಗ ಗೇಟಿನ ಮುಂದೆ ಒಂದು ವ್ಯಾನು ಬಂದು ನಿಂತಿತು. ಕೈಯಲ್ಲಿ ಬೀಗದ ಕೈ ಹಿಡಿದು, ಕಟ್ಟಳೆಯ ಪ್ರಕಾರ ಹೋದೆ. ಇಳಿದವರು ಯಾರು ಅಂತೀಯ? ನಮ್ಮ ಯೋಜನಾಧಿಕಾರಿಗಳು! ಅದೇ ಕೋಟು, ಅದೇ ಗಂಟುಮುಖ. "ಒಂದು ಕೊಠಡಿ ಬೇಕಾಗಿತ್ತು. ಸ್ವಂತಕ್ಕೆ. ಮನೆಯವರಿಗೆ ತಿಳಿಯೋದು ಬೇಡ" ಎಂದರು. ನಾಲ್ಕನೆಯದನ್ನು ತೆರೆದುಕೊಟ್ಟೆ. ಸಾಮಾನಿನ ಮೇಲೆ ಬೆಡ್‌ಶೀಟು ಹೊದಿಸಿದ್ದರು. ತಾವೇ ತಬ್ಬಿಕೊಂಡು ಹೊತ್ತರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಹೊಸ್ತಿಲ ಹತ್ತಿರ ಗಾಳಿ ಬೀಸಿತು. ಬೆಡ್‌ಶೀಟು ಜಾರಿತು.

ಅಕ್ಕಾ, ನಾನು ನೋಡಿದೆ.

ಅಷ್ಟರಲ್ಲಿ ನೀನೂ ಬಸ್ಸಿಳಿದು ಬಂದೆ. ಅವರು ಎರಡನೆಯದನ್ನು ಇಳಿಸುತ್ತಿದ್ದರು. ಹೌದು, ಅಂಥವು ಎರಡು! ನೀನು ಅವರಿಗೆ ನಮಸ್ಕಾರ ಮಾಡಿ, ಆ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಕಾಲುವೆಯತ್ತ ಓಡಿದ್ದನ್ನು ಕಂಡೆ. ನಾನು ಬಂಡೆಯ ಹಿಂದೆ ಹೋಗಿ ಕುಳಿತೆ. ಅವರು ಹೋಗುವವರೆಗೂ ಏಳಲಾಗಲಿಲ್ಲ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಊಟದ ನಡುವೆ ನಗು ಬರುತ್ತದೆ. "ಯಾಕ್ರೀ ಒಬ್ಬರೇ ನಗ್ತೀರಿ?" ಎಂದು ಇವಳು ಕೇಳುತ್ತಾಳೆ. ಏನಿಲ್ಲ ಎನ್ನುತ್ತೇನೆ. ಮಾಸ್ತರರ ವಾದ್ಯ ಬಿಚ್ಚಿದರೆ ಅದರೊಳಗೂ ಅದೇ ಕಾಣುತ್ತದೆ. ಹೇಳುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ಇದನ್ನು ಇಷ್ಟು ದಿನ, ಇಷ್ಟು ಕೊಠಡಿಗಳದ್ದು, ನೀನೊಬ್ಬಳೇ ಹೇಗೆ ತಡೆದುಕೊಂಡೆಯೇ ಮಹರಾಯ್ತಿ? ಹೊಟ್ಟೆ ಒಡೆಯುವುದಿಲ್ಲವೇ?

ಈ ಪ್ರಪಂಚದಲ್ಲಿ ಅದನ್ನು ನೋಡಿದವರು ನಾವಿಬ್ಬರೇ. ಗುರುವಾರ ಸಂಜೆ ಬರುತ್ತೇನೆ. ಚಹಾಕ್ಕೆ ನೀರಿಟ್ಟಿರು. ಬಾಗಿಲು ಹಾಕಿಕೊಂಡು, ಎದುರುಬದುರು ಕೂತು, ಎಷ್ಟು ಹೊತ್ತಾದರೂ ಸರಿ, ಅದರ ಬಗ್ಗೆ ಇಬ್ಬರೂ ಮಾತಾಡದೆ ಇರೋಣ.

ತಮ್ಮ
(ಸಂಬಂಧಾರ್ಥ)